ನೊಗಕ್ಕೆ ಹೂಡಿ ನೋಡಿದ ಲಿನಕ್ಸ್ ಫೋನು

ಕೆಲವರು ಬೀದಿಗಿಳಿದರೆ ನಾಯಿ ಬೊಗಳುತ್ತೆ, ಕೆಲವರು ಬಸ್ ಸ್ಟ್ಯಾಂಡಿಗೆ ಬಂದರೆ ಬಸ್ಸು ಆಗತಾನೇ ಹೋಗಿರುತ್ತೆ. ನಾನು ಕಾಲಿಟ್ಟ ಕಡೆ ಏನಾದರೊಂದು ನಗೆಪಾಟಲು ಆಗೇ ಆಗುತ್ತೆ. ಅದಕ್ಕೆ ನನ್ನ ಕಡೆಯಿಂದ ವಿಶೇಷ ಪ್ರಯತ್ನ ಏನೂ ಇರುವುದಿಲ್ಲ.

ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು ನಾನು. ಒಂದೇ ಕಡೆ ಕೂತರೆ ಕಾಲು ಜೋಮು ಹಿಡಿಯುತ್ತೆ. ಲಾರಿ ಕ್ಲೀನರ್ ಆದೆ, ಬೋರ್‌ವೆಲ್ ಗಾಡಿ ಹಿಂದೆ ಊರೂರು ಅಲೆದೆ, ಮೋಟರ್ ವೈಂಡಿಂಗ್ ಕಲಿತೆ. ಈಗ ಕಡೂರು, ತರೀಕೆರೆ, ಅಜ್ಜಂಪುರ ಮೂರು ಕಡೆಯೂ ಬೈಕಲ್ಲಿ ಸುತ್ತಿ ತೋಟದ ಮೋಟರುಗಳಿಗೆ ಮೊಬೈಲ್ ಸ್ಟಾರ್ಟರ್ ಹಾಕಿಕೊಡುತ್ತೇನೆ. ಒಳಗೆ ಸಿಮ್ ಇರೋ ಒಂದು ಪೆಟ್ಟಿಗೆ ಅದು. ಮನೆಯಲ್ಲಿ ಕೂತು ಅದಕ್ಕೆ ಫೋನ್ ಮಾಡಿದರೆ ತೋಟದಲ್ಲಿ ಮೋಟರ್ ಓಡುತ್ತೆ, ಇನ್ನೊಂದು ಸಲ ಮಾಡಿದರೆ ನಿಲ್ಲುತ್ತೆ.

ಲಿನಕ್ಸ್ ನನಗೆ ಗಂಟುಬಿದ್ದಿದ್ದು ಗುಜರಿಯಿಂದ. ಕಡೂರಲ್ಲಿ ಯಾರೋ ಕಂಪ್ಯೂಟರ್ ಕ್ಲಾಸು ಮುಚ್ಚುವಾಗ ಬಿಸಾಡಿದ ಕಂಪ್ಯೂಟರ್ ತಂದೆ. ಅದು ಎಷ್ಟು ಹಳೇದು ಅಂದರೆ ಅದರ ಮೇಲೆ, ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಬಿಟ್ಟು ಬೇರೇನೂ ಓಡಲಿಲ್ಲ. ಕಪ್ಪು ಪರದೆ ಮೇಲೆ ಒಂದು ಸಾಲು ಬರೆದರೆ ಒಂದು ಕೆಲಸ ಮಾಡುತ್ತೆ. ತಪ್ಪು ಬರೆದರೆ ತಪ್ಪು ಅಂತ ಹೇಳುತ್ತೆ, ನಮ್ಮ ಮೇಷ್ಟ್ರ ಹಾಗೆ ಕಿವಿ ಹಿಂಡಲ್ಲ. ಹೀಗಿದ್ದಿದ್ದರೆ ನಾನು ಎಂಟನೇ ಕ್ಲಾಸೂ ಓದುತ್ತಿದ್ದೆನೋ ಏನೋ. ಆಮೇಲೆ ನನಗೆ, ಅಂಥದ್ದೇ ಒಂದು ಫೋನು ಬೇಕು ಅನ್ನೋ ಹುಚ್ಚು ಹಿಡೀತು. ವೈರ್ ಸಿಕ್ಕಿಸಿ ಸ್ಟಾರ್ಟರ್ ಪೆಟ್ಟಿಗೆ ಜೊತೆ ನೇರವಾಗಿ ಮಾತಾಡಬೇಕು, ಬ್ಯಾಟರಿ ನನ್ನ ಕೈಯಿಂದಲೇ ಬಿಚ್ಚಿ ಹಾಕಬೇಕು, ಅದರೊಳಗೆ ನಾನು ಹೇಳಿದ್ದು ಬಿಟ್ಟು ಬೇರೇನೂ ನಡೀಬಾರದು.

ಸುಳಿ ನೋಡಿ ಆರಿಸಿದ್ದು

ಇಂಟರ್ನೆಟ್ಟಿನಲ್ಲಿ ಇಂಥ ಫೋನಿನವರದೇ ಒಂದು ಗುಂಪಿದೆ. ಯಾವುದು ತಗೊಳ್ಳಲಿ ಅಂತ ಕೇಳಿದೆ. ಮೂರು ದಾರಿ ಹೇಳಿದರು. ಒಂದು, ಅಗ್ಗದ್ದು: ನಿಧಾನ, ಆದರೆ ಬೆನ್ನ ಮುಚ್ಚಳ ತೆಗೆದರೆ ಮೈಕು, ಕ್ಯಾಮೆರಾ ಎಲ್ಲಕ್ಕೂ ಅಕ್ಕಿಕಾಳಿನಷ್ಟು ಸ್ವಿಚ್ಚುಗಳಿವೆ. ಇನ್ನೊಂದು, ಇಟ್ಟಿಗೆ ದಪ್ಪದ್ದು: ಸ್ವಿಚ್ಚು ಪಕ್ಕದಲ್ಲೇ ಇರುತ್ತೆ, ಬೆಲೆ ಮಾತ್ರ ಕೇಳಬಾರದು. ಮತ್ತೊಂದು, ಹಳೇ ಆಂಡ್ರಾಯ್ಡ್ ಫೋನಿನ ಹೊಟ್ಟೆ ತೊಳೆದು ಅದರೊಳಗೆ ಲಿನಕ್ಸ್ ತುಂಬೋದು. ಮೂರರಲ್ಲೂ ವಾಟ್ಸಾಪ್ ಸರಿಯಾಗಿ ನಡೆಯಲ್ಲ, ದುಡ್ಡು ಕಳಿಸೋ ಆಪ್ ಕನಸಿನ ಮಾತು, ಕ್ಯಾಮೆರಾ ಅಷ್ಟಕ್ಕಷ್ಟೆ. ಹೋಗಲಿ, ಫೋನ್ ಬರುತ್ತಾ ಅಂತ ಕೇಳಿದ್ದಕ್ಕೆ ಒಬ್ಬ ‘ಸಾಮಾನ್ಯವಾಗಿ’ ಅಂತ ಬರೆದ.

ತರೀಕೆರೆಯಲ್ಲಿ ನಮ್ಮ ಮಾವನವರದು ಪೈಪು, ಮೋಟರಿನ ಅಂಗಡಿ. ಅಜ್ಜಂಪುರದ ಕಡೆ ತೆಂಗಿನ ತೋಟ, ಅದನ್ನ ನೋಡಿಕೊಳ್ಳೋದು ನಮ್ಮ ಅತ್ತೆ. ಆದರೆ ಅವರ ನಿಜವಾದ ವಿದ್ಯೆ ಎತ್ತು ನೋಡೋದು. ವಯಸ್ಸಲ್ಲಿ ಎಮ್ಮೆದೊಡ್ಡಿ ಕಾವಲಿನ ಕಡೆಯೆಲ್ಲ ತಿರುಗಿ ಜೋಡಿ ಕಟ್ಟಿಕೊಡುತ್ತಿದ್ದವರು. ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಮನೆ ಯಜಮಾನನ ಆಯಸ್ಸು ಹೇಳುತ್ತಿದ್ದರಂತೆ. ಹೆಂಡತಿಯನ್ನೂ ಕರಕೊಂಡು ಅಂಗಡಿಗೆ ಹೋಗಿ ಮೂರು ಫೋನಿನ ಚಿತ್ರ ಅವರ ಮುಂದಿಟ್ಟೆ.

ಕನ್ನಡಕ ಏರಿಸಿ ಮೊದಲನೇದನ್ನ ನೋಡಿದರು. “ಹಲ್ಲೆಷ್ಟು?”

“ಬಂದು ಸ್ವಲ್ಪ ವರ್ಷ ಆಯ್ತು ಮಾವ. ಆದ್ರೂ ಇನ್ನೂ ಪೂರ್ತಿ ಪಳಗಿಲ್ಲ.”

“ಮೇವು?”

“ದಿನಕ್ಕೆ ಎರಡು ಸಲ ಚಾರ್ಜು.”

“ಹೊಟ್ಟೆಬಾಕ. ಎರಡನೇದು?”

ಬೆಲೆ ಹೇಳಿದೆ. ಚಿತ್ರವನ್ನ ಬೆರಳ ತುದಿಯಲ್ಲೇ ಆಚೆ ತಳ್ಳಿದರು. “ಇದು ದಸರಾಕ್ಕೆ ನಿಲ್ಸೋದು, ಉಳೋದಕ್ಕಲ್ಲ.” ಹಳೇ ಫೋನಿನ ಹೊಟ್ಟೆ ತೊಳೆಯೋ ವಿಷಯ ಹೇಳಿದಾಗಂತೂ ತಲೆಯನ್ನೇ ಆಡಿಸಿಬಿಟ್ಟರು. “ಕೈ ಬದಲಾಯ್ಸಿದ ಎತ್ತು ಕಣಪ್ಪ ಇದು. ನೀನು ಎಷ್ಟೇ ಮೈ ತಿಕ್ಕು, ಹಳೇ ಯಜಮಾನ ಕೂಗಿದ ಕಡೆಗೇ ತಿರುಗುತ್ತೆ.”

ಗುಂಪಿನವರು ಉದ್ದುದ್ದ ಬರೆದು ಹೇಳಿದ್ದೂ ಇಷ್ಟೇ.

ಮೊದಲನೇದೇ ಆಗಲಿ ಅಂದೆ. ನಮ್ಮ ಕಡೆ ಎತ್ತು ಕೊಂಡರೆ ಅವತ್ತೇ ಮಾತು ಮುಗಿಯೋದಿಲ್ಲ. ತಂದು ಕಟ್ಟಿ, ನೊಗಕ್ಕೆ ಹೂಡಿ ನೋಡಬೇಕು. ನೊಗ ಹೊತ್ತು ಮಲಗಿಬಿಟ್ಟರೆ ವಾಪಸ್ ಹೊಡಕೊಂಡು ಹೋಗಬಹುದು, ಯಾರೂ ತಪ್ಪು ತಿಳಿಯೋದಿಲ್ಲ. ಮಾವನವರು ಫೋನಿಗೂ ಅದೇ ನ್ಯಾಯ ಹಾಕಿದರು.

“ಈ ಅಮಾಸೆಯಿಂದ ಆ ಅಮಾಸೆಗೆ. ಅವತ್ತು ನಾನು ನಿಮ್ಮನೆಗೆ ಬಂದು ಕೂತು ನಿನಗೆ ಫೋನ್ ಮಾಡಿಸ್ತೀನಿ. ಎತ್ತಿದ್ಯೋ, ಅದನ್ನ ಇಟ್ಕೊ, ಎಲ್ಲಿಗಾದ್ರೂ ತಿರುಗು, ನಾನು ಕೇಳಲ್ಲ. ಎತ್ತಲಿಲ್ವೋ, ಅದನ್ನ ಮಾರು, ತಿರುಗಾಟ ಬಿಡು, ಬಂದು ಇಲ್ಲಿ ಗಲ್ಲಾದಲ್ಲಿ ಕೂರು. ಗಂಡ ಎಲ್ಲವ್ನೆ ಅಂತ ನನ್ನ ಮಗಳು ಊರೆಲ್ಲಾ ಕೇಳೋದು ನನಗೆ ಸಾಕಾಗೈತೆ.”

ಗಲ್ಲಾ ಹಿಂದಿನ ಕುರ್ಚಿ ನೋಡಿದೆ. ಅದಕ್ಕೆ ಚಕ್ರ ಕೂಡ ಇರಲಿಲ್ಲ.

ಕಿವಿ ಇದ್ದು ಬಾಯಿಲ್ಲದವನು

ಫೋನು ಬಂದ ಹೊಸತು. ಕಡೂರಲ್ಲಿ ಟೀ ಕುಡಿಯುತ್ತಿದ್ದಾಗ ಪಕ್ಕದಲ್ಲಿದ್ದವನು, “ಈಗಿನ ಫೋನೆಲ್ಲ ನಮ್ಮ ಮಾತು ಕದ್ದು ಕೇಳ್ತಾವಂತಲ್ಲ?” ಅಂದ. ಇದಕ್ಕೇ ಕಾಯುತ್ತಿದ್ದವನ ಹಾಗೆ ಮುಚ್ಚಳ ಬಿಚ್ಚಿ, ಕಡ್ಡಿಯಲ್ಲಿ ಮೈಕಿನ ಸ್ವಿಚ್ಚು ಕೆಳಗೆ ತಳ್ಳಿ ತೋರಿಸಿದೆ. “ನೋಡು, ಈಗ ಇದಕ್ಕೆ ದೇವರಾಣೆಗೂ ಏನೂ ಕೇಳಲ್ಲ.” ಮುಚ್ಚಳ ಹಾಕಿದೆ. ಸ್ವಿಚ್ಚು ಮೇಲೆ ಮಾಡೋದು ಮರೆತೆ.

ಅರ್ಧ ದಾರಿ ಹೋಗಿದ್ದೆ, ಒಬ್ಬ ಯಜಮಾನರ ಫೋನು ಬಂತು. ಇವರ ಬಾಯಿಗೆ ಹೆದರಿ ಮೂರು ಜನ ಮೆಕ್ಯಾನಿಕ್ಕುಗಳು ಅವರ ತೋಟದ ದಾರಿಯನ್ನೇ ಬಿಟ್ಟಿದ್ದರು. ಬೈಕು ನಿಲ್ಲಿಸಿ ಎತ್ತಿದೆ. ಅವರ ಮಾತು, ತೆಂಗಿನಕಾಯಿ ಹಿಡಿದು ಬೋರ್‌ವೆಲ್ಲಿಗೆ ಪಾಯಿಂಟ್ ನೋಡಿದವನಿಂದ ಶುರುವಾಗಿ, ವೋಲ್ಟೇಜು, ತಮ್ಮನ ಪಾಲು, ತಮ್ಮನ ಹೆಂಡತಿಯ ತವರು, ಅಲ್ಲಿನ ಬೀಗರೂಟ, ಮತ್ತೆ ವೋಲ್ಟೇಜು ಅಂತ ಸುತ್ತಿತು. ನಡುವೆ ನಾನು, “ಅದು ಕೇಬಲ್ ತಪ್ಪು ಯಜಮಾನ್ರೇ, ಒಂದ್ನಿಮಿಷ ಕೇಳಿ,” ಅಂತ ಗಂಟಲು ಹರಕೊಂಡೆ. ಅವರು ನಿಲ್ಲಿಸಲೇ ಇಲ್ಲ. ಎಂಥಾ ಸೊಕ್ಕು ಅಂದುಕೊಂಡು ನಾನೂ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವರು, “ಆಯ್ತಪ್ಪ, ನಾಳೆ ಬಾ,” ಅಂತ ಇಟ್ಟರು.

ಸ್ವಿಚ್ಚಿನ ನೆನಪು ಬಂದದ್ದು ರಾತ್ರಿ ಊಟಕ್ಕೆ ಕೂತಾಗ. ಬೆಳಗ್ಗೆ ಅಳುಕುತ್ತಲೇ ಹೋದೆ. ಯಜಮಾನರು ಹೆಗಲ ಮೇಲೆ ಕೈ ಹಾಕಿ, ಅಲ್ಲಿದ್ದ ತಮ್ಮನಿಗೆ ಪರಿಚಯ ಮಾಡಿಸಿದರು: “ಇವನೇ ಕಣೋ ನಾನು ಹೇಳಿದ್ದು. ಇಷ್ಟು ಮೆಕ್ಯಾನಿಕ್ ನೋಡಿದೀನಿ, ನನ್ನ ಮಾತಿಗೆ ಅಡ್ಡ ಬಾಯಿ ಹಾಕ್ದೆ ಪೂರ್ತಿ ಕೇಳಿದೋನು ಇವನೊಬ್ನೇ. ನಿನ್ನ ತೋಟದ ಕೆಲಸಾನೂ ಇವನಿಗೇ ಕೊಡು.”

ಹಸಿರೋ ಹಸಿರು

ಅಜ್ಜಂಪುರದ ಹತ್ತಿರ ಒಂದು ತೋಟದಲ್ಲಿ ತೆಂಗಿನ ಗರಿ ಹಳದಿಗೆ ತಿರುಗಿತ್ತು. ತೋಟದವನು ಅದರ ಫೋಟೋ ತೆಗೆದು, ಗಿಡದ ರೋಗ ಗೊತ್ತಿರೋ ತನ್ನ ಪರಿಚಯದ ಆಫೀಸರಿಗೆ ಕಳಿಸು ಅಂದ. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತೋ ಫೋನು. ನನ್ನದರಲ್ಲಿ ತೆಗೆದೆ. ನನ್ನ ಫೋನಿನ ಕ್ಯಾಮೆರಾಗೆ ಒಂದು ಗುಣ ಇದೆ, ಲೋಕವೆಲ್ಲ ಅದಕ್ಕೆ ಹಸಿರಾಗೇ ಕಾಣುತ್ತೆ. ಮಣ್ಣು ಹಸಿರು, ಆಕಾಶ ಹಸಿರು, ತೋಟದವನ ಹಲ್ಲೂ ಹಸಿರು. ಬಿಸಿಲಲ್ಲಿ ಪರದೆ ಕಾಣದೆ ಹಾಗೇ ಇಮೇಲಲ್ಲಿ ಕಳಿಸಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು: ತೋಟ ಬಹಳ ಚೆನ್ನಾಗಿದೆ, ಯಾವ ಔಷಧಿಯೂ ಬೇಡ, ಏನು ಗೊಬ್ಬರ ಹಾಕಿದ್ದೀರಿ ಅಂತ ನಮಗೂ ತಿಳಿಸಿ.

ಬೇವಿನ ಮರದ ಕೆಳಗಿನ ಸಾಹೇಬ

ಹಿರೇನಲ್ಲೂರು ದಾಟಿ ಹೋದರೆ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿ ಒಬ್ಬ ರೈತನ ಮೋಟರು ತ್ರೀ ಫೇಸ್ ಕರೆಂಟ್ ಬಂದರೂ ಸುಮ್ಮನೆ ಗುಂಯ್‌ಗುಡುತ್ತಿತ್ತು. ನೋಡಿದರೆ ಸ್ಟಾರ್ಟರ್ ಚೆನ್ನಾಗಿದೆ, ವೋಲ್ಟೇಜೇ ಇಲ್ಲ. ಯಾವ ಹೊತ್ತಿಗೆ ಎಷ್ಟು ಬರುತ್ತೆ ಅಂತ ಬರೆದಿಟ್ಟುಕೊಳ್ಳೋದಕ್ಕೆ ಟ್ರಾನ್ಸ್‌ಫಾರ್ಮರ್ ಪಕ್ಕದ ಬೇವಿನ ಮರದ ಕೆಳಗೆ ಕೂತು, ಮೀಟರಿನ ವೈರು ಫೋನಿಗೆ ಸಿಕ್ಕಿಸಿದೆ. ಕಪ್ಪು ಪರದೆ ಮೇಲೆ ಬಿಳಿ ಅಂಕಿಗಳು ಸಾಲುಸಾಲಾಗಿ ಓಡೋಕೆ ಶುರುವಾದವು.

ದನ ಹೊಡಕೊಂಡು ಬಂದವನೊಬ್ಬ ಬಗ್ಗಿ ನೋಡಿದ. “ಏನ್ ಸ್ವಾಮಿ ಇದು?”

“ಯಾರು ಎಷ್ಟು ಎಳೀತಾವ್ರೆ ಅಂತ ನೋಡ್ತಿದೀನಿ,” ಅಂದೆ. ನಾನು ಹೇಳಿದ್ದು ಮೂರು ಫೇಸಿನ ವೈರುಗಳ ವಿಚಾರ.

ಅವನು ದನ ಅಲ್ಲೇ ಬಿಟ್ಟು ಹೋದ. ಆಮೇಲೆ ನೋಡಿ ಮಜಾ. ಒಬ್ಬ ಪಂಚೆ ಎತ್ತಿಕಟ್ಟಿ ಆ ಕಡೆ ಓಡಿದ, ಇನ್ನೊಬ್ಬ ಕೋಲು ಹಿಡಕೊಂಡು ಈ ಕಡೆ ಓಡಿದ. ದೂರದಲ್ಲಿ ಕರೆಂಟ್ ಕದಿಯೋಕೆ ಲೈನಿಗೆ ಹಾಕಿದ್ದ ಕೊಕ್ಕೆಗಳು ಒಂದೊಂದಾಗಿ ಇಳಿದವು. ಒಬ್ಬ ಹೆಂಗಸು ಚೊಂಬಲ್ಲಿ ಮಜ್ಜಿಗೆ ತಂದು, “ಸಾಹೇಬ್ರೇ, ನಮ್ಮದು ಇವತ್ತೊಂದಿನ ಮಾತ್ರ ಹಾಕಿದ್ದು,” ಅಂದಳು. ಫೋನಲ್ಲಿ ವೋಲ್ಟೇಜು ಏಣಿ ಹತ್ತಿದ ಹಾಗೆ ಹತ್ತಿತು. ನಮ್ಮ ರೈತನ ಮೋಟರು ಗುಂಯ್‌ಗುಡೋದು ಬಿಟ್ಟು ಓಡಿತು, ಪೈಪಿನಲ್ಲಿ ತೊಡೆ ಗಾತ್ರ ನೀರು.

ಹೊರಡುವಾಗ ಅವನು ಬೈಕಿನ ಹ್ಯಾಂಡಲ್ ಹಿಡಕೊಂಡ. “ವಾರಕ್ಕೊಂದ್ಸಲ ಬಾ ಕಣಪ್ಪ. ರಿಪೇರಿ ಏನೂ ಬೇಡ, ಸುಮ್ನೆ ಫೋನ್ ಹಿಡ್ಕೊಂಡು ಕೂತಿರು.”

ಅಮಾವಾಸ್ಯೆ ದಿನ

ಇಷ್ಟರಲ್ಲಿ ಗಡುವಿನ ಅಮಾವಾಸ್ಯೆ ಬಂತು. ನನ್ನ ಫೋನಿನ ದೊಡ್ಡ ರೋಗ ಅಂದರೆ ನಿದ್ದೆ. ಬ್ಯಾಟರಿ ಉಳಿಸೋದಕ್ಕೆ ಅದು ಮಲಗುತ್ತೆ. ಯಾರಾದರೂ ಫೋನ್ ಮಾಡಿದರೆ ಏಳಬೇಕು. ಅದು ಮದುವೆಮನೆಯಲ್ಲಿ ಉಂಡು ಮಲಗಿದವನ ಹಾಗೆ ಮಗ್ಗುಲು ಬದಲಾಯಿಸಿ, ಕಣ್ಣುಜ್ಜಿ, ಯಾರು ಅಂತ ಕೇಳೋ ಹೊತ್ತಿಗೆ ಅವರು ಇಟ್ಟಿರುತ್ತಾರೆ. ಇದಕ್ಕೆ ನಾನೇ ಕೂತು ಒಂದಷ್ಟು ಸಾಲು ಬರೆದು ಹಾಕಿದ್ದೆ. ಆಗಾಗ ತಟ್ಟಿ ಎಬ್ಬಿಸೋ ಕೆಲಸ ಅದರದು. ಅಮಾವಾಸ್ಯೆ ಬೆಳಗ್ಗೆ ಹೆಂಡತಿ ಕೈಲಿ ಫೋನ್ ಮಾಡಿಸಿ ನೋಡಿದೆ. ಗಣಗಣ ಬಂತು.

“ಇವತ್ತು ಮನೇಲೇ ಇದ್ಬಿಡ್ರೀ,” ಅಂದಳು. “ಅಪ್ಪ ಬರೋದಿದೆ.”

“ಮನೇಲಿದ್ದು ಫೋನ್ ಎತ್ತಿದ್ರೆ ಅದೇನು ದೊಡ್ಡಸ್ತಿಕೆ?” ಅಂತ ಬುಕ್ಕಾಂಬುಧಿ ಕೆರೆ ಹತ್ತಿರದ ಒಂದು ತೋಟಕ್ಕೆ ಹೊರಟೆ.

ಅಲ್ಲಿ ಬೆಳಗ್ಗೆಯೇ ಕೆಲಸ ಮುಗೀತು. ತೋಟದವನು ಊಟಕ್ಕೆ ಮನೆಗೆ ಹೋದ. ನಾನು ತೆಂಗಿನ ಮರದ ನೆರಳಲ್ಲಿ ಒರಗಿ ಫೋನ್ ತೆಗೆದರೆ, ಹೊಸ ಅಪ್‌ಡೇಟ್ ಬಂದಿದೆ ಅಂತ ತೋರಿಸಿತು. ಯಂತ್ರದ ತಲೆ ಇರೋರಿಗೆಲ್ಲ ಇರೋ ಕಾಯಿಲೆ ಇದು, ಚೆನ್ನಾಗಿ ನಡೀತಿರೋದನ್ನ ಇನ್ನೂ ಚೆನ್ನಾಗಿ ಮಾಡೋದು. ಹಾಕಿಬಿಟ್ಟೆ. ಹಾಕಿ ಜೇಬಿಗಿಟ್ಟೆ. ನಾನು ಬರೆದಿದ್ದ ಸಾಲುಗಳನ್ನೆಲ್ಲ ಆ ಅಪ್‌ಡೇಟು ಗುಡಿಸಿ ಆಚೆ ಹಾಕಿದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಅಲ್ಲಿ ಕಡೂರಿನ ಮನೆಯಲ್ಲಿ ಮಾವನವರು ಬಂದು ಕಾಫಿ ಕುಡಿದು, “ಹಚ್ಚವ್ವ ಫೋನು,” ಅಂದಿದ್ದಾರೆ. ಹಚ್ಚಿದಳು. ಬರಲಿಲ್ಲ. ಮತ್ತೆ ಹಚ್ಚಿದಳು. ಇಲ್ಲ. “ದೀಪ ಹಚ್ಚೋದ್ರೊಳಗೆ ಅವನು ಸಿಕ್ಕಲಿಲ್ಲ ಅಂದ್ರೆ ನಾಳೆಯಿಂದ ಅಂಗಡಿ,” ಅಂತ ಮಾವನವರು ಹೊರಗಿನ ಜಗಲಿಗೆ ಹೋಗಿ ಕೂತರು.

ನಾನು ಅಂಗಡಿಯಲ್ಲಿ ಕೂರೋದು ನನಗಿಂತ ಹೆಚ್ಚಾಗಿ ನನ್ನ ಹೆಂಡತಿಗೆ ಬೇಡವಾಗಿತ್ತು. ಕೆಲಸ ಇಲ್ಲದೆ ಒಂದು ದಿನ ಮನೆಯಲ್ಲಿ ಕೂತರೇ ನಾನು ಮಿಕ್ಸಿ ಬಿಚ್ಚಿಡುತ್ತೇನೆ. ಹಾಗಾಗಿ ಅವಳು ತನ್ನದೇ ದಾರಿ ಹುಡುಕಿದಳು.

ಸ್ಟಾರ್ಟರ್ ಹಾಕಿದ ಮೇಲೆ ದೂರದಿಂದ ಯಾರಾದರೂ ಫೋನ್ ಮಾಡಿ ಪರೀಕ್ಷೆ ಮಾಡಬೇಕು. ನನ್ನ ಫೋನನ್ನ ನಂಬೋ ಹಾಗಿಲ್ಲ. ಅದಕ್ಕೇ ಪ್ರತಿ ಪೆಟ್ಟಿಗೆಯಲ್ಲೂ ಯಜಮಾನನ ನಂಬರಿನ ಜೊತೆ ಹೆಂಡತಿಯ ನಂಬರನ್ನೂ ಸೇರಿಸಿ, ಅವಳ ಕೈಲಿ ಬೆಲ್ ಹೊಡೆಸುತ್ತಿದ್ದೆ. ಆಮೇಲೆ ಅದನ್ನ ತೆಗೆದುಹಾಕೋದು ನನಗೆಲ್ಲಿ ನೆನಪಿರುತ್ತೆ? ಎಲ್ಲ ಪೆಟ್ಟಿಗೆಯ ನಂಬರೂ, ತೋಟದವರ ನಂಬರೂ ಅವಳ ಫೋನಲ್ಲಿದ್ದವು, ಮೂರು ಕಡೆಯ ತೋಟದ ಮೋಟರುಗಳೂ ಅವಳ ಮಾತು ಕೇಳುತ್ತಿದ್ದವು. ಇನ್ನೊಂದು ವಿಷಯ, ಓಡೋ ಮೋಟರನ್ನ ಯಾರಾದರೂ ಕೈಯಿಂದ ಗುಂಡಿ ಒತ್ತಿ ನಿಲ್ಲಿಸಿದರೆ ಆ ಪೆಟ್ಟಿಗೆ ಅದನ್ನ ಓಡಿಸಿದವರ ನಂಬರಿಗೆ ತಾನಾಗೇ ಫೋನ್ ಮಾಡಿ, ‘ಮೋಟರ್ ನಿಲ್ಲಿಸಲಾಗಿದೆ’ ಅಂತ ಹೇಳುತ್ತೆ.

ಬೆಳಗ್ಗೆ ನಾನು ಬುಕ್ಕಾಂಬುಧಿಯಲ್ಲಿದ್ದೆ ಅಂತ ಅವಳಿಗೆ ಗೊತ್ತು, ಆದರೆ ಕೆಲಸ ಮುಗಿದ ಮೇಲೆ ನಾನು ಒಂದು ಕಡೆ ನಿಲ್ಲೋನಲ್ಲ ಅಂತಲೂ ಗೊತ್ತು. ಅವಳ ಲೆಕ್ಕಾಚಾರ ಸರಳ. ತೋಟದಲ್ಲಿ ಯಾರೂ ಇಲ್ಲದಿದ್ದರೆ ಮೋಟರ್ ಓಡುತ್ತಲೇ ಇರುತ್ತೆ. ನಾನಿದ್ದರೆ ಗಾಬರಿಯಾಗಿ ನಿಲ್ಲಿಸುತ್ತೇನೆ, ಆಗ ಪೆಟ್ಟಿಗೆ ಅವಳಿಗೆ ಹೇಳುತ್ತೆ, ಖಾತ್ರಿಗೆ ಇನ್ನೊಂದೆರಡು ಸಲ ಬೆಲ್ ಹೊಡೆದರಾಯಿತು. ಒಂದು ಕಡೆಯಿಂದ ಬೆಲ್ ಹೊಡೀತಾ ಬಂದಳು. ಅವತ್ತು ಪಾಳಿ ತಪ್ಪಿ ಹಗಲೇ ತ್ರೀ ಫೇಸ್ ಕರೆಂಟ್ ಬಿಟ್ಟಿದ್ದರು. ಒಂದಾದ ಮೇಲೊಂದು ತೋಟದಲ್ಲಿ ಮೋಟರ್ ಎದ್ದಿತು. ಕೊನೆಗೆ ಅಜ್ಜಂಪುರದ ತನ್ನ ತವರಿನ ತೋಟಕ್ಕೂ ಹೊಡೆದು, ಬುಕ್ಕಾಂಬುಧಿಗೆ ಬಂದಳು.

ನನ್ನ ಪಕ್ಕದಲ್ಲಿ ಮೋಟರ್ ಗುರ್ ಅಂತ ಎದ್ದಿತು. ಹಾರಿಬಿದ್ದು ಕೆಂಪು ಗುಂಡಿ ಒತ್ತಿದೆ. ನಿಂತಿತು. ಕೂತೆ. ಮತ್ತೆ ಎದ್ದಿತು. ಮತ್ತೆ ಒತ್ತಿದೆ. ಬೆಳಗ್ಗೆ ತಾನೇ ಹಾಕಿದ ಪೆಟ್ಟಿಗೆ, ಇಷ್ಟು ಬೇಗ ಕೆಟ್ಟಿತಾ? ಮೇನ್ ಇಳಿಸಿ ಮುಚ್ಚಳ ತೆಗೆದೆ. ರಿಲೇ ಬದಲಾಯಿಸಿದೆ. ಮೇನ್ ಏರಿಸಿದೆ. ಎದ್ದಿತು. ಇಳಿಸಿ ಕಾಂಟ್ಯಾಕ್ಟರ್ ಬಿಚ್ಚಿ ಉಜ್ಜಿ ಹಾಕಿದೆ. ಏರಿಸಿದೆ. ಎದ್ದಿತು. ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಆ ಒಂದು ಪೆಟ್ಟಿಗೆಗೆ ಸುರಿದೆ. ಕೆಡದೇ ಇದ್ದದ್ದನ್ನ ರಿಪೇರಿ ಮಾಡೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಅಷ್ಟರಲ್ಲಿ ತೋಟದವನು ಬಾಯಿ ಒರೆಸಿಕೊಳ್ಳುತ್ತಾ ಬಂದು, ತನ್ನ ಫೋನು ನನ್ನ ಕೈಗಿಟ್ಟ. “ತಗೊಳಪ್ಪ, ನಿಮ್ಮನೆಯೋರು.”

“ರೀ,” ಅಂದಳು ಹೆಂಡತಿ, “ಆ ಕೆಂಪು ಗುಂಡಿ ಬಿಟ್ಟು ಮನೆಗೆ ಬರ್ತೀರಾ? ಅಪ್ಪ ಕಾಯ್ತಾವ್ರೆ.”

ದೀಪ ಹಚ್ಚೋ ಹೊತ್ತಿಗೆ ಮನೆ ಮುಟ್ಟಿದೆ. ಮಾವನವರು ಜಗಲಿಯಿಂದ ಒಳಗೆ ಬಂದು ನಡುಮನೆ ಕುರ್ಚಿಯಲ್ಲಿ ನ್ಯಾಯಕ್ಕೆ ಕೂತಿದ್ದರು.

“ನಿನ್ನ ಫೋನು ಎದ್ದಿತಾ?”

“ಇಲ್ಲ ಮಾವ.”

“ಆದ್ರೂ ಸಿಕ್ಕಿದ್ರಲ್ಲಪ್ಪ,” ಅಂದಳು ಹೆಂಡತಿ.

“ಸಿಕ್ಕಿದ್ದು ಇನ್ನೊಬ್ಬನ ಫೋನಲ್ಲಿ. ಹೆಂಡ್ತಿ ಕರೆದಾಗ ಎತ್ತದೇ ಇರೋ ಗಂಡಸು ಫೋನ್ ಯಾಕೆ ಇಟ್ಕೋಬೇಕು? ನಾಳೆ ಬೆಳಗ್ಗೆ ಅಂಗಡಿ ಬಾಗಿಲು ನೀನೇ ತೆಗೀಬೇಕು. ಮಾತು ಮುಗೀತು.”

ಹೆಂಡತಿಯ ಫೋನು ಬಡಕೊಂಡಿತು. ಯಾರೋ ತೋಟದವರು. “ಅವ್ವಾ, ಪೆಟ್ಟಿಗೇಲಿ ನಿಮ್ಮ ನಂಬರ್ ನೋಡ್ದೆ. ಇವತ್ತು ಹಗಲೇ ಕರೆಂಟ್ ಬಿಡ್ತಾರೆ ಅಂತ ನಿಮಗೆ ಹೆಂಗವ್ವಾ ಗೊತ್ತಾಯ್ತು? ತೋಟ ಪೂರ್ತಿ ನೆಂದೋಯ್ತು. ನಾಳೆನೂ ಒಂದು ಬೆಲ್ ಹೊಡೀರವ್ವ.” ಮಾವನವರು ಇದಕ್ಕೂ ಜಗ್ಗಲಿಲ್ಲ. ನಾನು ಗೋಡೆ ನೋಡುತ್ತಾ ನಿಂತೆ. ನಾಳೆಯಿಂದ ನನಗೆ ತಿರುಗೋದಕ್ಕೆ ಅಂಗಡಿಯ ಫ್ಯಾನು ಒಂದೇ ಉಳಿದಿತ್ತು, ಅಲ್ಲೂ ತಿರುಗೋದು ಅದು, ನಾನಲ್ಲ.

ಫೋನು ಮತ್ತೆ ಬಡಕೊಂಡಿತು. ಈ ಸಲ ನಮ್ಮ ಅತ್ತೆ, ಅಜ್ಜಂಪುರದ ತೋಟದಿಂದ. ಹೆಂಡತಿ ಸ್ಪೀಕರಿಗೆ ಹಾಕಿದಳು.

“ಏನವ್ವಾ, ನಿಮ್ಮಪ್ಪ ಅಲ್ಲೇನಾದ್ರೂ ಅವ್ರಾ? ಮಧ್ಯಾಹ್ನದಿಂದ ಫೋನ್ ಮಾಡಿ ಮಾಡಿ ಹೆಬ್ಬೆಟ್ಟು ಸವೆದೋಯ್ತು, ಎತ್ತೋದೇ ಇಲ್ಲ ಕಣೇ. ಪೈಪಿನ ಬಾಯಿ ಹತ್ರ ಬಗ್ಗಿ ಪಾತ್ರೆ ತೊಳೀತಿದ್ದೆ, ಮೋಟರ್ ತಾನಾಗೇ ಎದ್ಬಿಡ್ತು. ತಲೆಯಿಂದ ಕಾಲ್ಗಂಟ ತೊಪ್ಪೆ. ನಿಲ್ಸೋದು ಹೆಂಗೆ ಅಂತ ಕೇಳಾನ ಅಂದ್ರೆ ಈ ಮನುಷ್ಯ ಸಿಕ್ಕಿದ್ರೆ ತಾನೆ? ಎಲ್ಲಿ ತಿರುಗೋಕೆ ಹೋಗವ್ರೋ ಏನೋ.”

ಮಾವನವರ ಕೈ ಮೆಲ್ಲಗೆ ಬನಿಯನ್ ಜೇಬಿಗೆ ಹೋಯಿತು. ಅಂಗಡಿಯಿಂದ ಕೊಂಡ ಒಳ್ಳೇ ಫೋನು, ಚಾರ್ಜು ತುಂಬಾ ಇದೆ, ನಿದ್ದೆ ಗಿದ್ದೆ ಏನೂ ಇಲ್ಲ. ಬೆಳಗ್ಗೆ ದೇವಸ್ಥಾನದಲ್ಲಿ ಸದ್ದು ನಿಲ್ಲಿಸಿದ್ದನ್ನ ಮತ್ತೆ ಹಾಕಿರಲಿಲ್ಲ. ಪರದೆ ತುಂಬಾ ಅತ್ತೆ ಹೆಸರು, ಮೇಲಿಂದ ಕೆಳಗಿನವರೆಗೆ.

ಮಾವನವರು ಫೋನನ್ನ ಜೇಬಿಗೆ ವಾಪಸ್ ಇಳಿಸಿ, ದನಿ ತಗ್ಗಿಸಿ, “ಫೋನ್ ಅಂದ್ಮೇಲೆ ಒಂದೊಂದ್ಸಲ ಎತ್ತೋಕಾಗಲ್ಲ ಕಣವ್ವ. ಅಷ್ಟಕ್ಕೆಲ್ಲ ಗಂಡಸನ್ನ ಹಿಡಿದು ಕುರ್ಚಿಗೆ ಕಟ್ಟಾಕ್ತಾರಾ?” ಅಂದರು.

“ಇವರಿಗೂ ಅದೇ ಮಾತು ಇಟ್ಕೊಳ್ಳಾಣ್ವಾ ಅಪ್ಪಾ?”

“ಇಟ್ಕೊ, ಇಟ್ಕೊ. ತಿರುಗ್ಲಿ ಬಿಡು.”

“ಯಾರೇ ಅದು?” ಅಂದರು ಅತ್ತೆ ಫೋನಿನೊಳಗಿಂದ. “ಅವರದೇ ದನಿ ಇದ್ದಂಗೈತೆ. ಕೊಡು ಫೋನ್ ಅವರಿಗೆ.”

ಮಾವನವರು ಎದ್ದು ನಿಂತರು. 'ಇಲ್ಲ ಅನ್ನು' ಅಂತ ಮಗಳಿಗೆ ಕೈಸನ್ನೆ ಮಾಡಿ, ಚಪ್ಪಲಿಗೆ ಕಾಲು ತೂರಿಸುತ್ತಾ ನನ್ನ ಕಿವಿಯ ಹತ್ತಿರ ಬಂದರು.

“ಬೈಕ್ ತೆಗಿಯಪ್ಪ ಬೇಗ. ನಾವಿಬ್ರೂ ಎಲ್ಲಾದ್ರೂ ಒಂದು ಸುತ್ತು ಹೋಗ್ಬರಾನ.”